ವಯಸ್ಸಾದಂತೆ ಕೊಬ್ಬು ಎಲ್ಲಿ ಸೇರುತ್ತದೆ?

ಚೌಳಹಿರಿಯೂರಿನ ಕಡೆ ಐವತ್ತು ದಾಟಿದ ಬೆಳೆಗಾರರು ಆಡುವ ಮಾತೊಂದುಂಟು: ‘ತೂಕ ಹಿಂದಿನಷ್ಟೇ ಇದೆ, ಪ್ಯಾಂಟಿನ ಗುಂಡಿ ಮಾತ್ರ ಕೂಡುತ್ತಿಲ್ಲ.’ ಇದಕ್ಕೆ ಊಟವೊಂದೇ ಕಾರಣವಲ್ಲ. ವಯಸ್ಸಿನೊಡನೆ ದೇಹದ ಕೊಬ್ಬಿನ ಉಗ್ರಾಣವೇ ಬದಲಾಗುತ್ತದೆ.

ಕೊಬ್ಬಿನ ಜೀವಕೋಶವನ್ನು ಗೋದಾಮಿಗೆ ಹೋಲಿಸಬಹುದು. ಮಿಕ್ಕ ಆಹಾರ ಕೊಬ್ಬಾಗಿ ಅಲ್ಲಿ ಶೇಖರವಾಗಿ, ಬೇಕಾದಾಗ ಹೊರಬರುತ್ತದೆ. ಪ್ರಾಯಕ್ಕೆ ಬಂದ ಮೇಲೆ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆಂದೂ, ವರ್ಷಕ್ಕೆ ಸುಮಾರು ಶೇ. 10ರಷ್ಟು ಸತ್ತು ಹೊಸವು ಹುಟ್ಟುತ್ತವೆಂದೂ ಸ್ವೀಡನ್ನಿನ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. 2019ರಲ್ಲಿ ಅಲ್ಲಿಂದಲೇ ಇನ್ನೊಂದು ವರದಿ ಬಂತು. 54 ಮಂದಿಯನ್ನು ಸುಮಾರು 13 ವರ್ಷ ಗಮನಿಸಿದಾಗ, ತೂಕ ಏರಿದವರಲ್ಲೂ ಇಳಿದವರಲ್ಲೂ ಕೊಬ್ಬು ಹೊರಹೋಗುವ ವೇಗ ಕುಗ್ಗಿತ್ತು. ಆವಕ ಅಷ್ಟೇ ಇದ್ದು ರವಾನೆ ನಿಧಾನವಾದರೆ ಗೋದಾಮಿನ ಗತಿಯೇನೆಂದು ನಮ್ಮ ಸದಸ್ಯರಿಗೆ ಹೇಳಬೇಕಾಗಿಲ್ಲ.

ಚರ್ಮದಡಿಯ ಕೊಬ್ಬು ಅಷ್ಟಾಗಿ ಅಪಾಯಕಾರಿಯಲ್ಲ. ವಯಸ್ಸಾದಂತೆ ಅಲ್ಲಿ ಹಿಡಿಸುವ ಶಕ್ತಿ ಕಡಿಮೆಯಾಗಿ, ಹೆಚ್ಚಿನದು ಹೊಟ್ಟೆಯೊಳಕ್ಕೆ, ಯಕೃತ್ತಿಗೆ, ಸ್ನಾಯುಗಳಿಗೆ ಸೇರುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈ ಬದಲಾವಣೆ ಚುರುಕಾಗುತ್ತದೆ. ಇದೇ ಕಾಲಕ್ಕೆ ಸ್ನಾಯು ಕರಗುವುದರಿಂದ ತಕ್ಕಡಿಯ ಮುಳ್ಳು ಅಲುಗುವುದಿಲ್ಲ. ಒಳಗೆ ಮಾತ್ರ ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ಹಾದಿಯಾಗುತ್ತಿರುತ್ತದೆ.

ನಮ್ಮವರಿಗೆ ಈ ಎಚ್ಚರ ಹೆಚ್ಚು ಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997-98ರಲ್ಲಿ ಆರಂಭವಾದ ಅಧ್ಯಯನದಲ್ಲಿ ನವಜಾತ ಶಿಶುಗಳನ್ನು ಅಳೆದರು. ಇಂಗ್ಲೆಂಡಿನ ಶಿಶುಗಳಿಗಿಂತ ಇವು ಚಿಕ್ಕವು, ಸ್ನಾಯುವೂ ಕಡಿಮೆ. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಅದೇ ಪ್ರಮಾಣದಲ್ಲಿ ಕಡಿಮೆಯಿರಲಿಲ್ಲ. ನೋಡಲು ಸಣಕಲಾಗಿದ್ದರೂ ಒಳಗೆ ಕೊಬ್ಬಿರುವುದು ನಮ್ಮಲ್ಲಿ ಹುಟ್ಟಿನಿಂದಲೇ ಕಾಣುತ್ತದೆ.

ಆದುದರಿಂದ ತಕ್ಕಡಿಯೊಂದನ್ನೇ ನಂಬದೆ ಟೇಪು ಹಿಡಿಯಿರಿ. ಕೆಳಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ನಮ್ಮ ದೇಶದವರಿಗೆ ಹೇಳಿದ ಮಿತಿ. ಮೀರಿದ್ದರೆ ರಕ್ತದ ಸಕ್ಕರೆ, ರಕ್ತದೊತ್ತಡ ಪರೀಕ್ಷೆ ಮಾಡಿಸಿಕೊಳ್ಳಿರಿ.

ಗುದ್ದಲಿ ಹಿಡಿಯುತ್ತಿದ್ದ ಕಾಲದ ಮುದ್ದೆ, ಬೈಕಿನಲ್ಲಿ ತೋಟ ಸುತ್ತುವ ಕಾಲಕ್ಕೆ ಹೆಚ್ಚಾದೀತು. ಮುದ್ದೆ ಕೊಂಚ ಕಿರಿದಾಗಲಿ, ಕಾಳಿನ ಸಾರು ಗಟ್ಟಿಯಾಗಲಿ, ಕಾಫಿಗೆ ಸಕ್ಕರೆ ತಗ್ಗಲಿ. ಆದರೆ ಉಪವಾಸ ಬಿದ್ದು ಸ್ನಾಯು ಕಳೆದುಕೊಳ್ಳಬೇಡಿರಿ; ನಡಿಗೆಯ ಜೊತೆಗೆ ಭಾರ ಎತ್ತುವ, ಅಗೆಯುವ ಕೆಲಸವನ್ನೂ ಶಕ್ತಿಯಿದ್ದಷ್ಟು ಉಳಿಸಿಕೊಳ್ಳಿರಿ. ಕಾರಣವಿಲ್ಲದೆ ತೂಕ ಇಳಿದರೆ ಸಂತೋಷಪಡದೆ ವೈದ್ಯರನ್ನು ಕಾಣಿರಿ.