ಮನೆ ನಿಮ್ಮ ಹೆಸರಿನಲ್ಲಿ, ಮೊಬೈಲ್ ಯಾರ ಕೈಯಲ್ಲಿ?

“ಆಪಾ, ನನ್ನ ಮನೆಯ ಅರ್ಜಿ ಎಲ್ಲಿಗೆ ಬಂತು ಅಂತ ಸ್ವಲ್ಪ ನೋಡಿ ಹೇಳ್ತೀರಾ?”

ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಶಾಲೆಯ ಗೇಟಿನ ಬಳಿ ನಿಂತು ಹೀಗೆ ಕೇಳಿದರು. ಅವರ ಕೈಯಲ್ಲಿ ಪಡಿತರ ಚೀಟಿಯ ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕಾಗಿ ಮಡಚಿಟ್ಟ ಒಂದು ಕಾಗದವಿತ್ತು. ಆಕೆ ವಿಧವೆ, ಇಬ್ಬರು ಹೆಣ್ಣುಮಕ್ಕಳ ತಾಯಿ. ರಾಯಚೂರು ನಗರದ ಓಣಿಯೊಂದರಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಹೊಲಿಗೆ ಯಂತ್ರವೇ ಸಂಸಾರದ ಆಧಾರ. ನಗರ ವಸತಿ ಯೋಜನೆಗೆ ಅರ್ಜಿ ಹಾಕಿ ವರ್ಷ ಕಳೆದಿತ್ತು. ಅರ್ಜಿ ತುಂಬಿದ್ದು ಆಕೆಯಲ್ಲ, ಆನ್‌ಲೈನ್ ಸೆಂಟರೊಂದರ ಹುಡುಗ.

ಸಂಜೆ ಆಕೆಯನ್ನು ಕೂರಿಸಿಕೊಂಡು ನನ್ನ ಫೋನಿನಲ್ಲಿ ಆ ಕಾಗದದ ಸಂಖ್ಯೆ ಹಾಕಿದೆ. ಒಟಿಪಿ ಬರಬೇಕು. ಬಂದದ್ದು ಹೈದರಾಬಾದಿನಲ್ಲಿ ಕೆಲಸಕ್ಕಿರುವ ಆಕೆಯ ಮೈದುನನ ಫೋನಿಗೆ! ಅರ್ಜಿಯಲ್ಲಿ ಕೊಟ್ಟದ್ದು ಅವನ ನಂಬರು. ಕರೆ ಮಾಡಿದಾಗ ಅವನೆಂದ: “ಭಾಬಿ, ಇಂಥ ಮೆಸೇಜುಗಳು ಮೊದಲೂ ಬಂದಿದ್ದವು. ಕಂಪೆನಿಯವು ಅಂದುಕೊಂಡು ಅಳಿಸಿಬಿಟ್ಟೆ.”

ಅರ್ಜಿ ತೆರೆಯಿತು. ಯಾವ ಬಗೆಯ ಮನೆ ಬೇಕು ಎಂಬಲ್ಲಿ ‘ಸ್ವಂತ ನಿವೇಶನದಲ್ಲಿ ಕಟ್ಟಿಕೊಳ್ಳುವುದು’ ಎಂದು ಗುರುತು ಹಾಕಲಾಗಿತ್ತು. ಆಕೆಗೆ ಅಂಗೈಯಗಲ ಜಾಗವೂ ಇಲ್ಲ. ನಿವೇಶನದ ದಾಖಲೆ ಇಲ್ಲದ್ದರಿಂದ ಅರ್ಜಿ ಅಲ್ಲೇ ನಿಂತಿತ್ತು. ಆಕೆ ಬಹಳ ಹೊತ್ತು ಆ ಪರದೆಯನ್ನೇ ನೋಡಿ, “ನನ್ನನ್ನು ಯಾರೂ ಕೇಳಲೇ ಇಲ್ಲ ಆಪಾ” ಎಂದರು.

ಸಹೋದರಿಯರೇ, ಈ ಲೇಖನ ಆ ಒಂದು ಮಾತಿನ ಬಗ್ಗೆ. ಇಂದು ಬಡವರ ಮನೆಗೆ ಒಂದಲ್ಲ, ಹಲವು ದಾರಿಗಳಿವೆ. ಆ ದಾರಿಗಳ ಬಾಗಿಲು ಮೊಬೈಲಿನಲ್ಲಿದೆ. ಆದರೆ ಮನೆ ಯಾರ ಹೆಸರಿನಲ್ಲಿದೆಯೋ ಅವಳ ಕೈಗೇ ಆ ಬಾಗಿಲು ಸಿಗದಿದ್ದರೆ, ಅದು ಆಯ್ಕೆಯೆನಿಸೀತೇ?

ಕೊಟ್ಟದ್ದನ್ನು ತೆಗೆದುಕೊಂಡ ಕಾಲ

ನಮ್ಮ ತಾಯಂದಿರ ಕಾಲದಲ್ಲಿ ‘ಆಶ್ರಯ ಮನೆ’ ಎಂದರೆ ಅದೃಷ್ಟದ ಮಾತು. 1990ರ ದಶಕದ ಆರಂಭದಲ್ಲಿ ಬಂದ ಆಶ್ರಯ ಯೋಜನೆಯಿಂದ ನಮ್ಮ ಜಿಲ್ಲೆಯಲ್ಲೂ ಅನೇಕರಿಗೆ ಸೂರು ಸಿಕ್ಕಿತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ಆದರೆ ಪಟ್ಟಿ ಎಲ್ಲಿ ತಯಾರಾಗುತ್ತದೆ, ಯಾರ ಹೆಸರು ಏಕೆ ಸೇರಿತು, ಏಕೆ ಬಿಟ್ಟುಹೋಯಿತು ಎಂಬುದು ಮನೆಯೊಳಗಿನ ಹೆಣ್ಣಿಗೆ ತಿಳಿಯುತ್ತಿರಲಿಲ್ಲ. ಎಲ್ಲಿ ಕೊಟ್ಟರೆ ಅಲ್ಲಿ, ಹೇಗೆ ಕೊಟ್ಟರೆ ಹಾಗೆ, ಅಷ್ಟೆ.

ಕೇಳದೆ ಕೊಟ್ಟ ಮನೆಗಳ ಗತಿ ಏನಾಗುತ್ತದೆಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಆ ಭೀಕರ ನೆರೆ ಮಾನ್ವಿ ಮತ್ತು ರಾಯಚೂರು ಕಡೆಯ ನದಿತೀರದ ಜನರಿಗೆ ಮರೆಯುವಂಥದ್ದಲ್ಲ. ಆಗ ಸರಕಾರ ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಎತ್ತರದ ಜಾಗಗಳಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದೇ. ಆದರೂ ಹಲವೆಡೆ ಜನ ಹಳೆಯ ಊರು ಬಿಟ್ಟು ಬರಲಿಲ್ಲ, ಮನೆಗಳು ಖಾಲಿ ಉಳಿದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ದೊಡ್ಡ ಕುಟುಂಬಕ್ಕೆ ಮನೆ ಸಣ್ಣದು. ನೀರು ಎಲ್ಲಿಂದ ತರಬೇಕು, ಒಲೆ ಎಲ್ಲಿ ಹೂಡಬೇಕು, ಹೆಣ್ಣುಮಕ್ಕಳ ಸ್ನಾನಕ್ಕೆ ಮರೆ ಎಲ್ಲಿ ಎಂಬುದನ್ನು ಹೆಂಗಸರು ಮೊದಲ ದಿನವೇ ಹೇಳುತ್ತಿದ್ದರು, ಕೇಳಿದ್ದರೆ!

ಮನೆಗಿಂತ ಮೊದಲು ನೆರೆಯವರನ್ನು ನೋಡು ಎಂಬ ಗಾದೆ ಅರಬಿಯಲ್ಲಿದೆ. ಮದ್ರಸದಲ್ಲಿ ಅದನ್ನು ಕಲಿತಾಗ ನೆರೆಹೊರೆಯವರ ಹಕ್ಕಿನ ಪಾಠವೆಂದಷ್ಟೇ ತಿಳಿದಿದ್ದೆ. ಈಗ ಅದರಲ್ಲಿ ಇನ್ನೊಂದು ಅರ್ಥ ಕಾಣುತ್ತದೆ. ಎಲ್ಲಿ ವಾಸಿಸಬೇಕೆಂದು ನೋಡಿ ಆರಿಸುವುದು ಶ್ರೀಮಂತರ ಶೋಕಿಯಲ್ಲ, ಬದುಕಿನ ಅಗತ್ಯ. ಮಕ್ಕಳ ಶಾಲೆ, ಕೂಲಿ, ಆಸ್ಪತ್ರೆ, ರಾತ್ರಿ ಕೂಗಿದರೆ ಓಡಿಬರುವ ಜನ ಎಲ್ಲವೂ ಆ ಒಂದು ಆಯ್ಕೆಯಲ್ಲಿ ಅಡಗಿವೆ.

ಡೆಲ್ಫ್ಟ್‌ನಿಂದ ಬೆಂಗಳೂರಿಗೆ

ನೆದರ್‌ಲೆಂಡ್ಸ್ ದೇಶದಲ್ಲಿ ಡೆಲ್ಫ್ಟ್ ಎಂಬ ನಗರವಿದೆ. ಅಲ್ಲಿ 1990ರಲ್ಲಿ ಒಂದು ಹೊಸ ಪದ್ಧತಿ ಆರಂಭವಾಯಿತು. ಕಡಿಮೆ ಬಾಡಿಗೆಯ ಮನೆಗಳು ಖಾಲಿಯಾದಾಗ ಅಧಿಕಾರಿಗಳೇ ಹಂಚುವ ಬದಲು, ಆ ಮನೆಗಳ ವಿವರವನ್ನು ಜಾಹೀರಾತಿನಂತೆ ಪ್ರಕಟಿಸತೊಡಗಿದರು. ಸರದಿಯಲ್ಲಿದ್ದವರು ತಮಗೆ ಹೊಂದುವ ಮನೆಗೆ ಹೆಸರು ಕೊಡಬೇಕು. 2001ರಿಂದ ಇಂಗ್ಲೆಂಡಿನ ಹಲವು ನಗರಗಳಲ್ಲಿ ಇದರ ಪ್ರಯೋಗ ನಡೆಯಿತು. ಮುಂದೆ ಇಂಟರ್ನೆಟ್ ಬಂದು ಕೆಲಸ ಸುಲಭವಾಯಿತು. ಆದರೆ ಅಲ್ಲೂ ಒಂದು ದೂರು ಕೇಳಿಬಂತು: ಇಂಟರ್ನೆಟ್ ಬಳಸಲು ಬಾರದ ವೃದ್ಧರು, ಭಾಷೆ ಬಾರದವರು ಹಿಂದೆ ಉಳಿಯುತ್ತಿದ್ದಾರೆ ಎಂದು. ಶ್ರೀಮಂತ ದೇಶದಲ್ಲೇ ಹೀಗಾದರೆ ನಮ್ಮ ದೇವದುರ್ಗದ ಪಾಡೇನು?

ನಮ್ಮ ರಾಜ್ಯದಲ್ಲೂ ಇಂಥ ಆಯ್ಕೆಗೆ ಒಂದು ಉದಾಹರಣೆ ಇದೆ. ಬೆಂಗಳೂರಿನ ಬಡವರಿಗಾಗಿ ರೂಪಿಸಿದ ಮುಖ್ಯಮಂತ್ರಿಗಳ 1 ಲಕ್ಷ ಬಹುಮಹಡಿ ವಸತಿ ಯೋಜನೆಯಲ್ಲಿ, ಲಭ್ಯವಿರುವ ಫ್ಲಾಟುಗಳನ್ನು ಅರ್ಜಿದಾರರೇ ಆನ್‌ಲೈನ್‌ನಲ್ಲಿ ನೋಡಿ ಆರಿಸಿಕೊಳ್ಳುವ ಏರ್ಪಾಡನ್ನು ವಸತಿ ನಿಗಮ ಮಾಡಿತು. ನಮ್ಮ ಊರುಗಳಲ್ಲಿ ಅಷ್ಟು ದೊಡ್ಡ ಆಯ್ಕೆ ಇಲ್ಲ, ನಿಜ. ಆದರೆ ಇರುವುದನ್ನಾದರೂ ನಾವು ತಿಳಿದಿದ್ದೇವೆಯೇ?

ಇಂದು ಇರುವ ದಾರಿಗಳು

ಮೊದಲು ನಗರದ ಮಾತು. 2024ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಪ್ರಧಾನ ಮಂತ್ರಿ ಆವಾಸ್ ಯೋಜನೆ (ನಗರ) 2.0ರಲ್ಲಿ ನಾಲ್ಕು ದಾರಿಗಳಿವೆ. ಒಂದು, ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಕೊಳ್ಳಲು ಸಹಾಯಧನ. ಎರಡು, ಸರಕಾರಿ ಸಂಸ್ಥೆ ಅಥವಾ ಖಾಸಗಿಯವರು ಕಟ್ಟುವ ವಸತಿ ಸಮುಚ್ಚಯದಲ್ಲಿ ಮನೆ. ಮೂರು, ಕಡಿಮೆ ಬಾಡಿಗೆಯ ಮನೆ. ನಾಲ್ಕು, ಗೃಹಸಾಲದ ಬಡ್ಡಿಗೆ ಸಹಾಯಧನ. ಬಡ್ಡಿಯ ಸಾಲದಿಂದ ದೂರವಿರಲು ಬಯಸುವ ನಮ್ಮ ಕುಟುಂಬಗಳು ನಾಲ್ಕನೆಯದೊಂದೇ ದಾರಿಯೆಂದು ತಿಳಿದು ಹಿಂದೆ ಸರಿಯಬೇಕಾಗಿಲ್ಲ. ಮೊದಲ ಮೂರೂ ನಿಮ್ಮ ಮುಂದಿವೆ. ವಾರ್ಷಿಕ ಆದಾಯ 3 ಲಕ್ಷ ರೂಪಾಯಿವರೆಗಿನ ಕುಟುಂಬಗಳು ಕಡು ಬಡವರ ವರ್ಗಕ್ಕೆ ಸೇರುತ್ತವೆ. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ವಿಧವೆಯರಿಗೆ, ಒಂಟಿ ಮಹಿಳೆಯರಿಗೆ, ಅಂಗವಿಕಲರಿಗೆ, ಅಲ್ಪಸಂಖ್ಯಾತರಿಗೆ ಆದ್ಯತೆಯಿದೆ.

ಇನ್ನು ಹಳ್ಳಿಯ ಮಾತು. ಬಸವ ವಸತಿ, ಅಂಬೇಡ್ಕರ್ ನಿವಾಸ, ವಿಧವೆಯರು ಮತ್ತು ಅಂಗವಿಕಲರಂಥ ವಿಶೇಷ ವರ್ಗದವರಿಗಾಗಿ ದೇವರಾಜ ಅರಸು ವಸತಿ ಹೀಗೆ ರಾಜ್ಯದ ಯೋಜನೆಗಳು, ಜೊತೆಗೆ ಕೇಂದ್ರದ ಗ್ರಾಮೀಣ ಆವಾಸ್ ಯೋಜನೆ. ಕೇಂದ್ರದ ಯೋಜನೆಯಲ್ಲಿ ಬಯಲು ಸೀಮೆಗೆ 1.20 ಲಕ್ಷ ರೂಪಾಯಿ, ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. 2024ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ‘ಆವಾಸ್ ಪ್ಲಸ್ 2024’ ಆ್ಯಪ್‌ನಲ್ಲಿ ಕುಟುಂಬದವರೇ ತಮ್ಮ ಸಮೀಕ್ಷೆ ಮಾಡಿಕೊಳ್ಳಲು, ಮನೆಯ ವಿನ್ಯಾಸಗಳನ್ನು ಚಿತ್ರದಲ್ಲಿ ನೋಡಿ ಆರಿಸಲು ಅವಕಾಶ ಮಾಡಲಾಯಿತು. ಆ ಸಮೀಕ್ಷೆಯಲ್ಲಿ ನಿಮ್ಮ ಹೆಸರು ಸೇರಿದೆಯೇ? ಸೇರಿದ್ದರೆ ಯಾವ ವಿನ್ಯಾಸ ಆರಿಸಲಾಗಿದೆ, ಆರಿಸಿದವರು ಯಾರು? ಪಂಚಾಯತಿಯಲ್ಲಿ ಕೇಳಿ ತಿಳಿದುಕೊಳ್ಳಿ.

2025ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇ. 10ರಿಂದ ಶೇ. 15ಕ್ಕೆ ಏರಿಸುವ ತೀರ್ಮಾನ ಕೈಗೊಂಡಿತು. ಆಗ ನಮ್ಮ ಓಣಿಗಳಲ್ಲಿ ಈ ಬಗ್ಗೆ ಬಹಳ ಮಾತಾಯಿತು. ಆದರೆ ಪಾಲು ಎಷ್ಟೇ ಇರಲಿ, ತಪ್ಪಾಗಿ ತುಂಬಿದ ಅರ್ಜಿಗೆ ಮನೆ ಬರುವುದಿಲ್ಲ.

ಹೆಸರು ಒಬ್ಬರದು, ನಂಬರು ಇನ್ನೊಬ್ಬರದು

ನಮ್ಮ ರಾಜ್ಯದ ವಸತಿ ಯೋಜನೆಗಳಲ್ಲಿ ಮನೆ ಸಾಮಾನ್ಯವಾಗಿ ಮಹಿಳೆಯ ಹೆಸರಿಗೇ ಮಂಜೂರಾಗುತ್ತದೆ. ಹೆಣ್ಣಿಗೆ ಆಸ್ತಿಯ ಹಕ್ಕನ್ನು ಕೊಟ್ಟ ಧರ್ಮದವರು ನಾವು. ಇದು ನಮಗೆ ಸಂತೋಷದ ವಿಷಯವೇ. ಆದರೆ ಅದೇ ಅರ್ಜಿಯಲ್ಲಿ ಮೊಬೈಲ್ ನಂಬರು ಗಂಡನದ್ದೋ, ಅಣ್ಣನದ್ದೋ, ಕೆಲವೊಮ್ಮೆ ಮಧ್ಯವರ್ತಿಯದ್ದೋ ಆಗಿರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ತಾವೇ ಬಳಸುವ ಮೊಬೈಲ್ ಇದ್ದವರು ಶೇ. 54. ಇಂಟರ್ನೆಟ್ ಬಳಸಿ ಗೊತ್ತಿದ್ದವರು ಶೇ. 33 ಮಾತ್ರ. ನಮ್ಮ ರಾಯಚೂರು ಜಿಲ್ಲೆಯಲ್ಲಂತೂ 2011ರ ಜನಗಣತಿಯಲ್ಲಿ ಅಕ್ಷರ ಬಲ್ಲ ಮಹಿಳೆಯರೇ ಅರ್ಧಕ್ಕಿಂತ ತುಸು ಕಡಿಮೆ.

ದೇವದುರ್ಗದ ಕಡೆ ಇನ್ನೊಂದು ಕಷ್ಟವಿದೆ. ಬಿತ್ತನೆ, ಕೊಯ್ಲು ಮುಗಿದೊಡನೆ ಅನೇಕ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ. ಅಲ್ಲಿ ಇತರರ ಮನೆಗಳಿಗೆ ಇಟ್ಟಿಗೆ ಹೊರುವವರು ಇವರೇ. ಮನೆ ಮಂಜೂರಾದರೆ ತಳಪಾಯದಿಂದ ಛಾವಣಿವರೆಗೆ ಹಂತಹಂತವಾಗಿ ಜಿಪಿಎಸ್ ಫೋಟೋ ತೆಗೆಯಬೇಕು. ಪ್ರತಿ ಹಂತದ ಫೋಟೋ ಸೇರಿದ ಮೇಲೆಯೇ ಕಂತಿನ ಹಣ ಖಾತೆಗೆ ಬರುತ್ತದೆ. ಕಟ್ಟದ ಮನೆಗೆ ಬಿಲ್ ಎತ್ತುವುದನ್ನು ಇದು ತಡೆದಿದೆ, ಒಳ್ಳೆಯದೇ. ಆದರೆ ಮೆಸೇಜು ಬಂದ ಫೋನು ಯಾರ ಕೈಯಲ್ಲೋ, ಬಾಗಿಲಿಗೆ ಬೀಗ, ಫಲಾನುಭವಿ ಬೆಂಗಳೂರಿನ ಶೆಡ್ಡಿನಲ್ಲಿ! ಮನೆ ಅರ್ಧಕ್ಕೆ ನಿಲ್ಲಲು ಇಷ್ಟು ಸಾಕು.

ನೀವು ಮಾಡಬೇಕಾದದ್ದು

ಅರ್ಜಿ ಹಾಕುವ ಮುನ್ನ ಮನೆಯಲ್ಲಿ ಎಲ್ಲರೂ ಕೂತು ಮಾತಾಡಿ. ನಿವೇಶನ ಇದೆಯೇ, ಇಲ್ಲವೇ? ಸಮುಚ್ಚಯದ ಮನೆ ಆದೀತೇ? ಮೇಲಿನ ಮಹಡಿ ಸಿಕ್ಕರೆ ವಯಸ್ಸಾದ ಅತ್ತೆ ಹತ್ತಬಲ್ಲರೇ? ಹೊಲಿಗೆಯ ಗಿರಾಕಿಗಳು ಅಷ್ಟು ದೂರ ಬಂದಾರೇ? ಉತ್ತರ ತಿಳಿದ ಮೇಲೆ ಸೆಂಟರಿಗೆ ಹೋಗಿ.

ಅರ್ಜಿಯಲ್ಲಿ ನಿಮ್ಮದೇ ನಂಬರು ಇರಲಿ, ಅದೇ ನಂಬರು ಆಧಾರ್‌ಗೂ ಜೋಡಣೆಯಾಗಿರಲಿ. ಸ್ಮಾರ್ಟ್‌ಫೋನೇ ಬೇಕೆಂದಿಲ್ಲ, ಒಟಿಪಿ ಸಾದಾ ಫೋನಿಗೂ ಬರುತ್ತದೆ. ನಂಬರು ಬದಲಿಸಿದರೆ ಅರ್ಜಿಯಲ್ಲೂ ಬದಲಿಸಲು ಹೇಳಿ.

ಬ್ಯಾಂಕ್ ಖಾತೆ ಆಧಾರ್‌ಗೆ ಜೋಡಣೆಯಾಗಿದೆಯೇ ನೋಡಿ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಆರಂಭವಾದಾಗ ಹಣ ಯಾವ ಖಾತೆಗೆ ಹೋಯಿತೆಂದು ಎಷ್ಟು ಜನ ಬ್ಯಾಂಕಿನಿಂದ ಬ್ಯಾಂಕಿಗೆ ಅಲೆದರು, ನೆನಪಿದೆಯಲ್ಲ?

ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕಗಳಲ್ಲಿ ಹೆಸರು ಒಂದೇ ರೀತಿ ಇರಲಿ. ಒಂದರಲ್ಲಿ ‘ಬೇಗಂ’, ಇನ್ನೊಂದರಲ್ಲಿ ‘ಬೀ’, ಮತ್ತೊಂದರಲ್ಲಿ ಏನೂ ಇಲ್ಲ ಎಂದಾದರೆ ಕಂಪ್ಯೂಟರಿಗೆ ಅವರು ಮೂವರು ಹೆಂಗಸರು. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ. ನಿವೇಶನ ಇದ್ದವರು ಹಳ್ಳಿಯಲ್ಲಾದರೆ ಇ-ಸ್ವತ್ತು, ಪಟ್ಟಣದಲ್ಲಾದರೆ ಇ-ಖಾತೆ ಪಡೆದುಕೊಳ್ಳಿ.

ಸೆಂಟರಿನವರು ತುಂಬಿದ್ದನ್ನು ಕಳುಹಿಸುವ ಮುನ್ನ ಓದಿ ಹೇಳಲು ಕೇಳಿ. ಇದರಲ್ಲಿ ನಾಚಿಕೆ ಬೇಡ. ಸ್ವೀಕೃತಿ ಚೀಟಿ ಪಡೆಯದೆ ಏಳಬೇಡಿ. ಒಟಿಪಿಯನ್ನು ನೀವೇ ಮುಂದೆ ನಿಂತು ಮಾಡಿಸುವ ಕೆಲಸಕ್ಕಲ್ಲದೆ ಫೋನಿನಲ್ಲಿ ಯಾರಿಗೂ ಹೇಳಬೇಡಿ. ವಸತಿ ನಿಗಮದ ಜಾಲತಾಣದಲ್ಲಿ ಜಿಲ್ಲೆಯನ್ನೂ ಫಲಾನುಭವಿ ಸಂಖ್ಯೆಯನ್ನೂ ಹಾಕಿದರೆ ಮಂಜೂರಾದ ಮನೆಯ ಸ್ಥಿತಿ ತಿಳಿಯುತ್ತದೆ. ತಿಂಗಳಿಗೊಮ್ಮೆ ನೋಡುವ ರೂಢಿ ಇರಲಿ.

ಕೊನೆಯದಾಗಿ, ಗ್ರಾಮಸಭೆಗೆ ಹೋಗಿ. ಎಷ್ಟೇ ಆ್ಯಪ್ ಬಂದರೂ ಹಳ್ಳಿಯ ಫಲಾನುಭವಿಗಳ ಪಟ್ಟಿ ಅಲ್ಲಿ ಓದಲ್ಪಡಬೇಕು. ಅಲ್ಲಿ ಹೆಂಗಸರು ಮಾತಾಡಬಾರದೆಂದು ಯಾವ ಕಾನೂನೂ ಹೇಳಿಲ್ಲ, ಯಾವ ಶರೀಅತ್ತೂ ಹೇಳಿಲ್ಲ.

ಮನೆಯಲ್ಲೇ ಇರುವ ಸಹಾಯ

ಓದು ಬಾರದ ತಾಯಂದಿರು ಇದನ್ನೆಲ್ಲ ಹೇಗೆ ಮಾಡಿಯಾರು ಎಂದು ನೀವು ಕೇಳಬಹುದು. ಪ್ರತಿ ಓಣಿಯಲ್ಲೂ ಪಿಯುಸಿ, ಡಿಗ್ರಿ ಓದುವ ಹೆಣ್ಣುಮಕ್ಕಳಿದ್ದಾರೆ. ಅವರ ಕೈಯಲ್ಲಿ ಫೋನು ಕಂಡರೆ ಗದರುವುದನ್ನಷ್ಟೇ ನಾವು ಕಲಿತಿದ್ದೇವೆ. ಅದೇ ಫೋನಿನಲ್ಲಿ ನೆರೆಮನೆಯ ಖಾಲಾಳ ಅರ್ಜಿಯನ್ನು ನೋಡಿಕೊಡಲು ಹೇಳಿದ್ದೇವೆಯೇ? ವಾರಕ್ಕೊಂದು ಗಂಟೆ ಸಾಕು. ಸೆಂಟರಿಗೆ ಕೊಡುವ ಹಣವೂ ಉಳಿಯುತ್ತದೆ, ಮಗಳಿಗೂ ಕಚೇರಿಯ ಭಾಷೆ ತಿಳಿಯುತ್ತದೆ.

ನನ್ನ ವಿದ್ಯಾರ್ಥಿನಿಯ ತಾಯಿಯ ವಿಷಯಕ್ಕೆ ಬರುತ್ತೇನೆ. ಮರುವಾರ ನಾವಿಬ್ಬರೂ ಸಂಬಂಧಪಟ್ಟ ಕಚೇರಿಗೆ ಹೋದೆವು. ಗುಮಾಸ್ತರು ಕಡತ ನೋಡಿ, “ಜಾಗ ಇಲ್ದವ್ರು ಜಾಗ ಅದ ಅಂತ ಬರ್ಸೀರಿ ನೋಡ್ರಿ ಅಮ್ಮ” ಎಂದರು. ಆಕೆ ತಲೆ ತಗ್ಗಿಸಲಿಲ್ಲ. “ಬರೆಸಿದ್ದು ನಾನಲ್ಲ ಸಾಹೇಬ್ರೆ. ಈಗ ನಾನೇ ಬಂದೀನಿ, ನಾ ಹೇಳ್ತೀನಿ, ಬರ್ಕೊಳ್ರಿ” ಎಂದರು. ಸಮುಚ್ಚಯದ ಮನೆ ಬೇಕೆಂದೂ ಮೊಬೈಲ್ ನಂಬರು ಬದಲಿಸಬೇಕೆಂದೂ ಮನವಿ ಬರೆದುಕೊಟ್ಟು, ಅದರ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬಂದೆವು.

ಮನೆ ಇನ್ನೂ ಸಿಕ್ಕಿಲ್ಲ. ಸಿಗುತ್ತದೆಂದು ನಾನು ಮಾತು ಕೊಡಲಾರೆ. ಆದರೆ ಹೋದ ತಿಂಗಳು ಬಂದ ಮೆಸೇಜು ಹೈದರಾಬಾದಿಗೆ ಹೋಗಲಿಲ್ಲ, ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟ ಆಕೆಯ ಸಣ್ಣ ಫೋನಿಗೇ ಬಂತು. ಹಿರಿಯ ಮಗಳು ಅದನ್ನು ಓದಿ ಹೇಳಿದಳಂತೆ.

ಸಹೋದರಿಯರೇ, ನಿಮ್ಮ ಮನೆಯ ಅರ್ಜಿಯಲ್ಲಿ ಯಾರ ನಂಬರು ಇದೆ? ಈ ಪತ್ರಿಕೆ ಮಡಚಿಡುವ ಮುನ್ನ ಆ ಕಾಗದವನ್ನೊಮ್ಮೆ ತೆಗೆದು ನೋಡಿ.