ಪಾಲಿಮರೇಸ್ ಸರಪಳಿ ಕ್ರಿಯೆ

ಪಾಲಿಮರೇಸ್ ಸರಪಳಿ ಕ್ರಿಯೆ (ಪಿಸಿಆರ್) ಎಂಬುದು ಡಿಎನ್‌ಎಯ ಆಯ್ದ ಒಂದು ಭಾಗವನ್ನು ಪ್ರಯೋಗಾಲಯದಲ್ಲಿ ಕೋಟ್ಯಂತರ ಪ್ರತಿಗಳಾಗಿ ಹೆಚ್ಚಿಸುವ ವಿಧಾನವಾಗಿದೆ. ರಕ್ತದ ಕಲೆ, ಕೂದಲಿನ ಬುಡ ಅಥವಾ ರೋಗಿಯ ಕಫದಲ್ಲಿ ದೊರೆಯುವ ಡಿಎನ್‌ಎ ಹಲವು ವೇಳೆ ನೇರ ಪರೀಕ್ಷೆಗೆ ಸಾಲದಷ್ಟು ಅಲ್ಪವಾಗಿರುತ್ತದೆ. ಅದನ್ನು ಅಳೆಯಬಹುದಾದ ಪ್ರಮಾಣಕ್ಕೆ ಏರಿಸುವುದು ಈ ವಿಧಾನದ ಉದ್ದೇಶ. ರೋಗನಿರ್ಣಯ, ವಿಧಿವಿಜ್ಞಾನ, ತಳಿವಿಜ್ಞಾನ ಮತ್ತು ಕೃಷಿ ಸಂಶೋಧನೆಯಲ್ಲಿ ಇದು ವ್ಯಾಪಕವಾಗಿ ಬಳಕೆಯಲ್ಲಿದೆ.

ಇತಿಹಾಸ

ಚಿಕ್ಕ ಪ್ರೈಮರ್‌ಗಳ ನೆರವಿನಿಂದ ಡಿಎನ್‌ಎಯನ್ನು ಪ್ರತಿಮಾಡಬಹುದೆಂಬ ವಿಚಾರವನ್ನು ಭಾರತ ಮೂಲದ ವಿಜ್ಞಾನಿ ಹರಗೋಬಿಂದ ಖುರಾನರ ತಂಡ 1971ರಲ್ಲಿಯೇ ವಿವರಿಸಿತ್ತು. ಅಮೆರಿಕದ ಸೀಟಸ್ ಸಂಸ್ಥೆಯಲ್ಲಿದ್ದ ಕ್ಯಾರಿ ಮುಲ್ಲಿಸ್ 1983ರಲ್ಲಿ ಪಿಸಿಆರ್‌ನ ಕಲ್ಪನೆಯನ್ನು ರೂಪಿಸಿದರು. 1985ರಲ್ಲಿ ಸಿಕಲ್ ಸೆಲ್ ರಕ್ತಹೀನತೆಯ ಪತ್ತೆಗೆ ಇದನ್ನು ಬಳಸಿದ ವರದಿ ಪ್ರಕಟವಾಯಿತು.

ಆರಂಭದಲ್ಲಿ ಬಳಸುತ್ತಿದ್ದ ಕಿಣ್ವವು ಪ್ರತಿ ಬಾರಿ ಕಾಯಿಸಿದಾಗಲೂ ನಾಶವಾಗುತ್ತಿದ್ದುದರಿಂದ ಅದನ್ನು ಮತ್ತೆ ಮತ್ತೆ ಸೇರಿಸಬೇಕಾಗಿತ್ತು. ಈ ತೊಡಕನ್ನು ನಿವಾರಿಸಿದ್ದು ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಿಸಿನೀರಿನ ಬುಗ್ಗೆಗಳಲ್ಲಿ ದೊರೆತ ಈ ಜೀವಿಯನ್ನು ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ 1969ರಲ್ಲಿ ವಿವರಿಸಿದ್ದರು. ಇದರಿಂದ ಪಡೆದ ಟ್ಯಾಕ್ ಪಾಲಿಮರೇಸ್ ಕಿಣ್ವವು ಹೆಚ್ಚಿನ ಉಷ್ಣತೆಯನ್ನು ತಾಳಿಕೊಳ್ಳುವುದರಿಂದ ಇಡೀ ಕ್ರಿಯೆಯನ್ನು ಯಂತ್ರಕ್ಕೆ ಒಪ್ಪಿಸಲು ಸಾಧ್ಯವಾಯಿತು. 1993ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಮುಲ್ಲಿಸ್ ಅವರು ಮೈಕೆಲ್ ಸ್ಮಿತ್ ಅವರೊಂದಿಗೆ ಹಂಚಿಕೊಂಡರು. ಸ್ಮಿತ್ ಅವರಿಗೆ ಪ್ರಶಸ್ತಿ ದೊರೆತದ್ದು ಬೇರೊಂದು ಸಂಶೋಧನೆಗಾಗಿ.

ಕ್ರಿಯೆಯ ಹಂತಗಳು

ಮಾದರಿ ಡಿಎನ್‌ಎ, ಎರಡು ಪ್ರೈಮರ್‌ಗಳು, ನಾಲ್ಕು ಬಗೆಯ ನ್ಯೂಕ್ಲಿಯೋಟೈಡ್‌ಗಳು, ಪಾಲಿಮರೇಸ್ ಕಿಣ್ವ ಮತ್ತು ಮೆಗ್ನೀಸಿಯಮ್ ಅಯಾನುಗಳುಳ್ಳ ದ್ರಾವಣವನ್ನು ಸಣ್ಣ ಕೊಳವೆಯಲ್ಲಿ ಬೆರೆಸಲಾಗುತ್ತದೆ. ಪ್ರೈಮರ್ ಎಂದರೆ ಸಾಮಾನ್ಯವಾಗಿ 18ರಿಂದ 25 ನ್ಯೂಕ್ಲಿಯೋಟೈಡ್ ಉದ್ದದ, ಕೃತಕವಾಗಿ ತಯಾರಿಸಿದ ಒಂಟಿ ಎಳೆ. ಬೇಕಾದ ಭಾಗದ ಎರಡು ತುದಿಗಳನ್ನು ಇವು ಗುರುತಿಸುತ್ತವೆ. ಥರ್ಮಲ್ ಸೈಕ್ಲರ್ ಎಂಬ ಯಂತ್ರವು ಕೊಳವೆಯ ಉಷ್ಣತೆಯನ್ನು ಈ ಕೆಳಗಿನಂತೆ ಬದಲಿಸುತ್ತದೆ.

1. ಬೇರ್ಪಡೆ: 94–98 ಡಿಗ್ರಿ ಸೆಲ್ಸಿಯಸ್‌ನಲ್ಲಿ ಡಿಎನ್‌ಎಯ ಎರಡು ಎಳೆಗಳು ಬಿಡಿಯಾಗುತ್ತವೆ.
2. ಜೋಡಣೆ: ಸುಮಾರು 50–65 ಡಿಗ್ರಿಗೆ ಇಳಿಸಿದಾಗ ಪ್ರೈಮರ್‌ಗಳು ತಮಗೆ ಹೊಂದುವ ಸ್ಥಾನಗಳಲ್ಲಿ ಅಂಟಿಕೊಳ್ಳುತ್ತವೆ.
3. ವಿಸ್ತರಣೆ: ಸುಮಾರು 72 ಡಿಗ್ರಿಯಲ್ಲಿ ಕಿಣ್ವವು ಪ್ರೈಮರ್‌ನಿಂದ ಆರಂಭಿಸಿ ನ್ಯೂಕ್ಲಿಯೋಟೈಡ್‌ಗಳನ್ನು ಒಂದೊಂದಾಗಿ ಸೇರಿಸುತ್ತಾ ಹೊಸ ಎಳೆಯನ್ನು ಕಟ್ಟುತ್ತದೆ.

ಈ ಮೂರೂ ಹಂತಗಳು ಸೇರಿ ಒಂದು ಆವರ್ತವಾಗುತ್ತದೆ. ಒಂದು ಆವರ್ತದಲ್ಲಿ ತಯಾರಾದ ಪ್ರತಿಗಳು ಮುಂದಿನ ಆವರ್ತಕ್ಕೆ ಅಚ್ಚುಗಳಾಗುವುದರಿಂದ ಪ್ರತಿಗಳ ಸಂಖ್ಯೆ ಪ್ರತಿ ಬಾರಿಯೂ ಇಮ್ಮಡಿಯಾಗುತ್ತದೆ. ಒಂದೇ ಅಣುವಿನಿಂದ ಆರಂಭಿಸಿದರೂ ಸೈದ್ಧಾಂತಿಕವಾಗಿ 10 ಆವರ್ತಗಳ ಬಳಿಕ 1,024, 20ರ ಬಳಿಕ 10 ಲಕ್ಷಕ್ಕೂ ಹೆಚ್ಚು, 30ರ ಬಳಿಕ 107 ಕೋಟಿಗೂ ಹೆಚ್ಚು ಪ್ರತಿಗಳು ದೊರೆಯುತ್ತವೆ. ವಾಸ್ತವದಲ್ಲಿ ಸಾಮಗ್ರಿಗಳು ತೀರುತ್ತಾ ಬಂದಂತೆ ಈ ವೇಗ ತಗ್ಗುತ್ತದೆ.

ವಿಧಗಳು

ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್ ಪಿಸಿಆರ್: ಆರ್‌ಎನ್‌ಎಯನ್ನು ಮೊದಲು ಡಿಎನ್‌ಎಯಾಗಿ ಪರಿವರ್ತಿಸಿ ಬಳಿಕ ಹೆಚ್ಚಿಸಲಾಗುತ್ತದೆ. ಆರ್‌ಎನ್‌ಎ ವೈರಸ್‌ಗಳ ಪತ್ತೆಗೆ ಇದು ಅಗತ್ಯ.

ರಿಯಲ್ ಟೈಮ್ ಪಿಸಿಆರ್: ಪ್ರತಿಗಳು ಹೆಚ್ಚಿದಂತೆ ಹೊಮ್ಮುವ ಪ್ರತಿದೀಪ್ತಿಯನ್ನು ಯಂತ್ರವು ಆವರ್ತದಿಂದ ಆವರ್ತಕ್ಕೆ ಅಳೆಯುತ್ತದೆ. ಬೆಳಕು ನಿಗದಿತ ಮಟ್ಟವನ್ನು ಬೇಗ ದಾಟಿದರೆ ಮಾದರಿಯಲ್ಲಿ ಆರಂಭದ ಡಿಎನ್‌ಎ ಹೆಚ್ಚಾಗಿತ್ತೆಂದು ಅರ್ಥ. ಕೋವಿಡ್-19 ಪರೀಕ್ಷೆಯಲ್ಲಿ ಮೇಲಿನ ಎರಡೂ ವಿಧಗಳನ್ನು ಒಟ್ಟಿಗೆ ಬಳಸಲಾಯಿತು.

ಮಲ್ಟಿಪ್ಲೆಕ್ಸ್ ಪಿಸಿಆರ್: ಹಲವು ಜೋಡಿ ಪ್ರೈಮರ್‌ಗಳನ್ನು ಬಳಸಿ ಒಂದೇ ಕೊಳವೆಯಲ್ಲಿ ಹಲವು ಭಾಗಗಳನ್ನು ಹೆಚ್ಚಿಸಲಾಗುತ್ತದೆ.

ಲ್ಯಾಂಪ್: ಪಿಸಿಆರ್‌ಗೆ ಪರ್ಯಾಯವಾಗಿ ಜಪಾನಿನ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ವಿಧಾನ. ಸುಮಾರು 60–65 ಡಿಗ್ರಿಯ ಸ್ಥಿರ ಉಷ್ಣತೆಯಲ್ಲಿ ನಡೆಯುವುದರಿಂದ ಇದಕ್ಕೆ ಥರ್ಮಲ್ ಸೈಕ್ಲರ್ ಬೇಕಾಗುವುದಿಲ್ಲ.

ಉಪಯೋಗಗಳು

ಕ್ಷಯರೋಗದ ಬ್ಯಾಕ್ಟೀರಿಯಾ ಪ್ರಯೋಗಾಲಯದಲ್ಲಿ ಬೆಳೆಯಲು ವಾರಗಳೇ ಹಿಡಿಯುತ್ತವೆ. ಪಿಸಿಆರ್ ಆಧಾರಿತ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಫಲಿತಾಂಶ ನೀಡುತ್ತದೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ಅಭಿವೃದ್ಧಿಗೊಂಡ ಟ್ರೂನ್ಯಾಟ್, ಬ್ಯಾಟರಿಯಿಂದ ನಡೆಯುವ ಇಂತಹ ಚಿಕ್ಕ ಯಂತ್ರವಾಗಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಜ್ವರದ ಮೊದಲ ದಿನಗಳಲ್ಲಿ, ರಕ್ತದಲ್ಲಿ ಪ್ರತಿಕಾಯಗಳು ಕಾಣಿಸಿಕೊಳ್ಳುವ ಮುನ್ನವೇ ಪತ್ತೆಹಚ್ಚಲು ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್ ಪಿಸಿಆರ್ ನೆರವಾಗುತ್ತದೆ.

ಅಪರಾಧ ತನಿಖೆ, ಪಿತೃತ್ವ ಪರೀಕ್ಷೆ, ಆನುವಂಶಿಕ ಕಾಯಿಲೆಗಳ ತಪಾಸಣೆ ಮತ್ತು ಬೆಳೆರೋಗಗಳ ಪತ್ತೆ ಇತರ ಉಪಯೋಗಗಳಾಗಿವೆ. 1997ರಲ್ಲಿ ಸ್ವಾಂಟೆ ಪಾಬೊ ಅವರ ತಂಡ ನಿಯಾಂಡರ್ತಲ್ ಮಾನವನ ಮೂಳೆಯಿಂದ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಪಿಸಿಆರ್ ಮೂಲಕವೇ ಓದಿತು.

ಮಿತಿಗಳು

ಇಮ್ಮಡಿಯಾಗುವ ಗುಣವೇ ಈ ವಿಧಾನದ ಬಲವೂ ಹೌದು, ದೌರ್ಬಲ್ಯವೂ ಹೌದು. ಹಿಂದಿನ ಪರೀಕ್ಷೆಯಿಂದ ಉಳಿದ ಕಣವಾಗಲಿ, ಸಿಬ್ಬಂದಿಯ ಚರ್ಮದ ಜೀವಕೋಶವಾಗಲಿ ಕೊಳವೆಗೆ ಬಿದ್ದರೆ ಅದರ ಡಿಎನ್‌ಎ ಕೂಡ ಹೆಚ್ಚಾಗಿ ತಪ್ಪು ಫಲಿತಾಂಶಕ್ಕೆ ಕಾರಣವಾಗಬಹುದು. ಇದರಿಂದ ರೋಗವಿಲ್ಲದವರಿಗೆ ಚಿಕಿತ್ಸೆ ಆರಂಭವಾಗುವ, ನಿರಪರಾಧಿಯ ಮೇಲೆ ಶಂಕೆ ಮೂಡುವ ಅಪಾಯವಿದೆ. ಆದ್ದರಿಂದ ಮಿಶ್ರಣ ತಯಾರಿಕೆ ಮತ್ತು ಫಲಿತಾಂಶದ ವಿಶ್ಲೇಷಣೆಗೆ ಪ್ರತ್ಯೇಕ ಕೋಣೆಗಳನ್ನು ಬಳಸಲಾಗುತ್ತದೆ. ಮಾದರಿಯ ಬದಲು ಶುದ್ಧ ನೀರನ್ನು ಹಾಕಿದ ಕೊಳವೆಯೊಂದನ್ನು ಪ್ರತಿ ಪರೀಕ್ಷೆಯೊಂದಿಗೆ ಇಡಲಾಗುತ್ತದೆ. ಅದರಲ್ಲಿಯೂ ಪ್ರತಿಗಳು ಕಂಡುಬಂದರೆ ಆ ಸರಣಿಯ ಫಲಿತಾಂಶಗಳನ್ನು ಕೈಬಿಟ್ಟು ಪರೀಕ್ಷೆಯನ್ನು ಮತ್ತೆ ನಡೆಸಬೇಕಾಗುತ್ತದೆ.

ಸತ್ತ ಸೂಕ್ಷ್ಮಜೀವಿಗಳ ಡಿಎನ್‌ಎ ಸಹ ಹೆಚ್ಚಾಗುವುದರಿಂದ, ಫಲಿತಾಂಶ ಧನಾತ್ಮಕವಾದ ಮಾತ್ರಕ್ಕೆ ಜೀವಂತ ಸೋಂಕು ಇದೆಯೆಂದು ಹೇಳಲಾಗದು. ರಕ್ತದ ಹೀಮ್, ಮಣ್ಣಿನ ಹ್ಯೂಮಿಕ್ ಆಮ್ಲದಂತಹ ವಸ್ತುಗಳು ಕ್ರಿಯೆಯನ್ನು ತಡೆಯಬಲ್ಲವು. ಪ್ರೈಮರ್ ತಯಾರಿಸಲು ಗುರಿಯ ತುದಿಗಳ ಅನುಕ್ರಮ ಮೊದಲೇ ತಿಳಿದಿರಬೇಕು. ಟ್ಯಾಕ್ ಕಿಣ್ವಕ್ಕೆ ತನ್ನ ತಪ್ಪನ್ನು ತಿದ್ದಿಕೊಳ್ಳುವ ಸಾಮರ್ಥ್ಯವಿಲ್ಲದ ಕಾರಣ, ಹೆಚ್ಚಿನ ನಿಖರತೆ ಬೇಕಾದಲ್ಲಿ ಪಿಎಫ್‌ಯು ಪಾಲಿಮರೇಸ್‌ನಂತಹ ಕಿಣ್ವಗಳನ್ನು ಬಳಸಲಾಗುತ್ತದೆ.