ಯಂತ್ರದ ನಾಡಿ

ಶಿವಮೊಗ್ಗ ಜಿಲ್ಲೆಯ ಲಿಂಗನಮಕ್ಕಿ ಜಲಾಶಯದ ನೀರು ತಳಕಳಲೆಯ ಮೂಲಕ ಹಾದು, ಬೆಟ್ಟದ ಇಳಿಜಾರಿನಲ್ಲಿ ಹಾಸಿರುವ ಉಕ್ಕಿನ ಕೊಳವೆಗಳಲ್ಲಿ ನಾನೂರು ಮೀಟರಿಗೂ ಹೆಚ್ಚಿನ ಎತ್ತರದಿಂದ ಇಳಿದು, ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ೧೯೬೦ರ ದಶಕದಲ್ಲಿ ಕೆಲಸಕ್ಕೆ ತೊಡಗಿದ ಈ ಆಗಾರದ ಒಟ್ಟು ಸಾಮರ್ಥ್ಯ ೧೦೩೫ ಮೆಗಾವಾಟ್. ಅದಕ್ಕೂ ಬಹಳ ಹಿಂದೆ, ೧೯೦೨ರಲ್ಲಿಯೇ, ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಿತ್ತು. ಗಣಿಗಳು ಹಗಲಿರುಳೆನ್ನದೆ ನಡೆಯುತ್ತಿದ್ದುದರಿಂದ ಅಲ್ಲಿನ ಯಂತ್ರಗಳ ಮೇಲಿನ ಹೊರೆಯೂ ಬಹುಮಟ್ಟಿಗೆ ಒಂದೇ ಸಮನಾಗಿರುತ್ತಿತ್ತು. ಒಮ್ಮೆ ವೇಗ ಪಡೆದ ಯಂತ್ರವು ದಿನಗಟ್ಟಲೆ ಅದೇ ಹದದಲ್ಲಿ ತಿರುಗುವುದು ಅದರ ಆರೋಗ್ಯಕ್ಕೆ ಒಳ್ಳೆಯದು.

ಇಂದಿನ ಯಂತ್ರಗಳಿಗೆ ಆ ಭಾಗ್ಯವಿಲ್ಲ. ಮಳೆ ಅಪರೂಪವಾದ ಪಾವಗಡ ತಾಲ್ಲೂಕಿನಲ್ಲಿ ಸುಮಾರು ೧೩,೦೦೦ ಎಕರೆ ನೆಲದ ಮೇಲೆ ೨೦೫೦ ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವು ೨೦೧೮ ಮತ್ತು ೨೦೧೯ರಲ್ಲಿ ಸಿದ್ಧವಾಯಿತು. ಚಿತ್ರದುರ್ಗ, ಗದಗ ಸೀಮೆಗಳ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿವೆ. ಕಲ್ಲಿದ್ದಲಿನ ಹೊಗೆಯನ್ನು ತಗ್ಗಿಸಲು ಇದು ಅಗತ್ಯವೇ ಸರಿ. ಆದರೆ ವಿದ್ಯುತ್ತನ್ನು ಕಣಜದಲ್ಲಿ ಭತ್ತ ತುಂಬಿಡುವಂತೆ ಸುಲಭವಾಗಿ ತುಂಬಿಡಲಾಗದು. ಬಳಕೆಯಾಗುವಷ್ಟನ್ನು ಆ ಕ್ಷಣದಲ್ಲೇ ಉತ್ಪಾದಿಸಬೇಕು. ಹೆಚ್ಚುಕಡಿಮೆಯಾದರೆ ಇಡೀ ಜಾಲದ ಆವರ್ತನವು ಸೆಕೆಂಡಿಗೆ ೫೦ರ ನೆಲೆಯಿಂದ ಸರಿಯುತ್ತದೆ. ನಡುಹಗಲಿನಲ್ಲಿ ಸೂರ್ಯನು ಧಾರಾಳವಾಗಿ ಕೊಟ್ಟದ್ದು ಸಂಜೆಯ ಹೊತ್ತಿಗೆ, ಮನೆಮನೆಯಲ್ಲಿ ದೀಪ ಹೊತ್ತಿಕೊಳ್ಳುವಾಗಲೇ, ಇಲ್ಲವಾಗುತ್ತದೆ. ಈ ತೆರವನ್ನು ತುಂಬುವ ಹೊಣೆ ಜಲವಿದ್ಯುತ್ ಯಂತ್ರಗಳದು ಹಾಗೂ ಕಲ್ಲಿದ್ದಲಿನ ಯಂತ್ರಗಳದು. ೨೦೨೩ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು ಕಲ್ಲಿದ್ದಲಿನ ಘಟಕಗಳು ತಮ್ಮ ಹೊರೆಯನ್ನು ಶೇಕಡ ೫೫ರವರೆಗೆ, ಮುಂದೆ ಹಂತಹಂತವಾಗಿ ಶೇಕಡ ೪೦ರವರೆಗೆ ಇಳಿಸಬಲ್ಲವಾಗಿರಬೇಕೆಂದು ನಿಯಮ ಮಾಡಿತು. ಏರುವುದು, ಇಳಿಯುವುದು, ನಿಲ್ಲುವುದು, ಮತ್ತೆ ಹೊರಡುವುದು ಈಗ ಯಂತ್ರದ ದಿನಚರಿಯಾಗುತ್ತಿದೆ.

ಹೀಗೆ ನಿಂತು ಹೊರಡುವುದರಿಂದ ಯಂತ್ರಕ್ಕೆ ಏನಾಗುತ್ತದೆ? ಲಂಬವಾಗಿ ನಿಲ್ಲಿಸಿದ ದೊಡ್ಡ ಜಲವಿದ್ಯುತ್ ಯಂತ್ರದಲ್ಲಿ ತಿರುಗುವ ಭಾಗದ ತೂಕ ನೂರಾರು ಟನ್ನು. ಅಷ್ಟು ಭಾರವನ್ನು ಹೊರುವ ಬೇರಿಂಗಿನ ಮೇಲ್ಮೈಗೆ ತವರ, ಆಂಟಿಮನಿ, ತಾಮ್ರಗಳ ಮೆತುವಾದ ಮಿಶ್ರಲೋಹವನ್ನು ಬಳಿದಿರುತ್ತಾರೆ. ಯಂತ್ರವು ವೇಗವಾಗಿ ತಿರುಗುತ್ತಿರುವಾಗ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ನಡುವೆ ಕೂದಲೆಳೆಯಷ್ಟು ತೆಳುವಾದ ಎಣ್ಣೆಯ ಪದರವಿದ್ದು, ಇಡೀ ಭಾರವು ಅದರ ಮೇಲೆ ತೇಲುತ್ತದೆ. ಆ ಪದರವನ್ನು ಹುಟ್ಟಿಸುವುದು ವೇಗವೇ. ವೇಗ ಕುಂದಿದಾಗ ಪದರವು ಒಡೆದು ಲೋಹವು ಲೋಹವನ್ನು ಉಜ್ಜುತ್ತದೆ. ಆದುದರಿಂದ ನಿಲ್ಲಿಸುವಾಗ ಬಹುಕಾಲ ನಿಧಾನವಾಗಿ ತಿರುಗಲು ಬಿಡದೆ ತಡೆಹಾಕಿ ನಿಲ್ಲಿಸುತ್ತಾರೆ; ಹೊರಡಿಸುವಾಗ ಅನೇಕ ಕಡೆ ಪಂಪಿನಿಂದ ಎಣ್ಣೆಯನ್ನು ಒತ್ತಡದಲ್ಲಿ ನುಗ್ಗಿಸಿ ಭಾರವನ್ನು ಮೊದಲೇ ಮೇಲೆತ್ತುತ್ತಾರೆ. ವಾರಕ್ಕೊಮ್ಮೆ ಬರುತ್ತಿದ್ದ ಈ ಗಂಡಾಂತರದ ಗಳಿಗೆ ಈಗ ದಿನಕ್ಕೆ ಎರಡು ಸಲ ಬಂದರೆ ಸವೆತವೂ ಅದೇ ಲೆಕ್ಕದಲ್ಲಿ ಹೆಚ್ಚುತ್ತದೆ.

ಇನ್ನೊಂದು ಹಾನಿ ಕಣ್ಣಿಗೆ ಬೀಳುವಂಥದಲ್ಲ. ಸ್ಥಿರಭಾಗದ ಉಕ್ಕಿನ ಸೀಳುಗಂಡಿಗಳಲ್ಲಿ ತಾಮ್ರದ ಸುರುಳಿಗಳನ್ನು ಕೂರಿಸಿ, ಅವುಗಳಿಗೆ ಅಭ್ರಕ ಮತ್ತು ರಾಳದ ಹೊದಿಕೆಯನ್ನು ಸುತ್ತಿರುತ್ತಾರೆ. ಸಾವಿರಾರು ವೋಲ್ಟುಗಳ ಒತ್ತಡದಲ್ಲಿರುವ ತಾಮ್ರವನ್ನು ಉಕ್ಕಿನಿಂದ ಬೇರ್ಪಡಿಸಿರುವುದು ಕೆಲವೇ ಮಿಲಿಮೀಟರು ದಪ್ಪದ ಈ ಹೊದಿಕೆ. ಹೊರೆ ಏರಿದಾಗ ತಾಮ್ರವು ಕಾದು ಹಿಗ್ಗುತ್ತದೆ, ಹೊರೆ ಇಳಿದಾಗ ಕುಗ್ಗುತ್ತದೆ. ಉಕ್ಕು ಅಷ್ಟು ಹಿಗ್ಗುವುದಿಲ್ಲ. ಹೊದಿಕೆಯದು ಬೇರೆಯೇ ಲೆಕ್ಕ. ಒಂದೇ ಕಟ್ಟಿಗೆ ಸಿಕ್ಕಿದ ಮೂರು ವಸ್ತುಗಳು ಮೂರು ಪ್ರಮಾಣದಲ್ಲಿ ಚಲಿಸಿದರೆ ನಡುವೆ ಸಣ್ಣ ಬಿರುಕುಗಳೂ ಪೊಳ್ಳುಗಳೂ ಹುಟ್ಟುವುವು. ಪೊಳ್ಳಿನಲ್ಲಿ ಸಿಕ್ಕಿದ ಗಾಳಿಯು ವಿದ್ಯುತ್ತಿನ ಒತ್ತಡವನ್ನು ತಾಳಲಾರದೆ ಸೂಕ್ಷ್ಮವಾಗಿ ಕಿಡಿಯಾಡುತ್ತದೆ. ಒಂದು ಕಿಡಿಯಿಂದ ಏನೂ ಆಗದು. ವರ್ಷಾನುಗಟ್ಟಲೆ ಕಿಡಿಯಾಡಿದರೆ ಗೆದ್ದಲು ತೊಲೆಯನ್ನು ತಿಂದಂತೆ ಹೊದಿಕೆಯು ಒಳಗೊಳಗೇ ಟೊಳ್ಳಾಗಿ, ಒಂದು ದಿನ ವಿದ್ಯುತ್ತು ತಾಮ್ರದಿಂದ ಉಕ್ಕಿಗೆ ನೇರವಾಗಿ ನೆಗೆಯುತ್ತದೆ. ಬರಿಯ ಬಿಸಿಯೂ ಹೊದಿಕೆಗೆ ಶತ್ರುವೇ. ಉಷ್ಣತೆಯು ಹತ್ತು ಡಿಗ್ರಿ ಏರಿದರೆ ಅದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುವುದೆಂದು ಎಂಜಿನಿಯರುಗಳು ಸ್ಥೂಲವಾಗಿ ಎಣಿಸುವುದುಂಟು.

ವೈದ್ಯನು ನಾಡಿ ಹಿಡಿದು ರೋಗವನ್ನು ತಿಳಿಯುವಂತೆ ಯಂತ್ರದ ಒಳಗನ್ನೂ ಹೊರಗಿನಿಂದಲೇ ತಿಳಿಯಬೇಕು. ಹಿಂದಿನ ಅನುಭವಿಗಳು ಉದ್ದವಾದ ಕಬ್ಬಿಣದ ಸರಳಿನ ಒಂದು ತುದಿಯನ್ನು ಬೇರಿಂಗಿನ ಮೇಲಿಟ್ಟು ಇನ್ನೊಂದಕ್ಕೆ ಕಿವಿಗೊಟ್ಟು ಕೇಳುತ್ತಿದ್ದರು. ಅಂಥ ಕಿವಿಯುಳ್ಳವರು ಇಂದಿಗೂ ಕೆಲವು ಕಾರ್ಖಾನೆಗಳಲ್ಲಿ ಸಿಗುತ್ತಾರೆ. ಈಗ ಸುರುಳಿಗಳ ನಡುವೆ ಉಷ್ಣತಾಮಾಪಕಗಳನ್ನೂ ಬೇರಿಂಗುಗಳ ಬಳಿ ಕಂಪನಮಾಪಕಗಳನ್ನೂ ಅಳವಡಿಸಿ, ಅವುಗಳ ಅಂಕಿಗಳನ್ನು ಕ್ಷಣಕ್ಷಣಕ್ಕೆ ಕಂಪ್ಯೂಟರಿನಲ್ಲಿ ದಾಖಲಿಸುತ್ತಾರೆ. ಯಂತ್ರ ನಿಂತಿರುವಾಗ ಮೆಗ್ಗರ್ ಎಂಬ ಉಪಕರಣದಿಂದ ಹೊದಿಕೆಯ ನಿರೋಧವನ್ನು ಒಂದನೆಯ ನಿಮಿಷದಲ್ಲಿಯೂ ಹತ್ತನೆಯ ನಿಮಿಷದಲ್ಲಿಯೂ ಅಳೆಯುತ್ತಾರೆ. ಒಣಗಿದ, ಶುಚಿಯಾದ ಹೊದಿಕೆಯಲ್ಲಿ ಎರಡನೆಯ ಅಂಕಿಯು ಮೊದಲನೆಯದರ ಎರಡರಷ್ಟಾದರೂ ಇರಬೇಕು. ತೇವವಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಆಗಿರುವುವು. ಪರಿವರ್ತಕದ ಎಣ್ಣೆಯು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಅದರಲ್ಲಿ ಕರಗಿದ ಅನಿಲಗಳನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸಿದಾಗ ಎಥಿಲೀನ್ ಹೆಚ್ಚಿದ್ದರೆ ಒಳಗೆ ಎಲ್ಲಿಯೋ ಅತಿಯಾಗಿ ಕಾಯುತ್ತಿದೆಯೆಂದೂ, ಅಸಿಟಲೀನ್ ಕಂಡರೆ ಕಿಡಿ ಹಾರುತ್ತಿದೆಯೆಂದೂ ಊಹಿಸಬಹುದು. ಇವುಗಳಲ್ಲಿ ಒಂದು ದಿನದ ಅಂಕಿಗಿಂತ ತಿಂಗಳುಗಟ್ಟಲೆಯ ಅಂಕಿಗಳ ಏರುಮುಖವೇ ಮುಖ್ಯ. ಎಷ್ಟೋ ಕಡೆ ಮಾಪಕಗಳಿಗೆ ಕೊರತೆಯಿರುವುದಿಲ್ಲ. ಅವು ಬರೆದುದನ್ನು ಕುಳಿತು ಓದುವವರಿಗೆ ಕೊರತೆ.

ಈ ಕೊರತೆಯ ಬೆಲೆ ಎಷ್ಟೆಂಬುದನ್ನು ರಷ್ಯಾದ ಸಯಾನೋ–ಶುಶೆನ್‌ಸ್ಕಾಯಾ ಜಲವಿದ್ಯುದಾಗಾರವು ತೋರಿಸಿತು. ಯೆನಿಸೇ ನದಿಯ ಮೇಲಿನ ಈ ಆಗಾರದಲ್ಲಿ ತಲಾ ೬೪೦ ಮೆಗಾವಾಟಿನ ಹತ್ತು ಯಂತ್ರಗಳಿದ್ದುವು. ಇಂಥ ಯಂತ್ರಗಳಲ್ಲಿ ಪೂರ್ಣ ಹೊರೆಗಿಂತ ಕೆಳಗೆ ಒಂದು ವಲಯವಿರುತ್ತದೆ. ಅಲ್ಲಿ ಚಕ್ರದಿಂದ ಹೊರಬೀಳುವ ನೀರು ಹಗ್ಗದಂತೆ ಸುತ್ತಿಕೊಂಡು ಯಂತ್ರವನ್ನೇ ಅದುರಿಸುತ್ತದೆ. ಆ ವಲಯವನ್ನು ಬೇಗ ದಾಟಬೇಕು, ಅದರಲ್ಲಿ ನಿಲ್ಲಕೂಡದು. ೨೦೦೯ರ ಆಗಸ್ಟ್ ೧೬ರ ರಾತ್ರಿ ಬ್ರಾತ್ಸ್ಕ್ ಎಂಬಲ್ಲಿನ ಆಗಾರದಲ್ಲಿ ಬೆಂಕಿಬಿದ್ದು ಸಂಪರ್ಕ ಕಡಿದುದರಿಂದ, ಜಾಲದ ಏರಿಳಿತಗಳನ್ನು ಸರಿದೂಗಿಸುವ ಹೊಣೆ ಸಯಾನೋ ಆಗಾರದ ಮೇಲೆ ಬಿತ್ತು. ಅದರ ಎರಡನೆಯ ಯಂತ್ರವು ಆ ವಲಯವನ್ನು ಮತ್ತೆ ಮತ್ತೆ ದಾಟಿತು. ಮರುದಿನ ಬೆಳಗ್ಗೆ ೮ ಗಂಟೆ ೧೩ ನಿಮಿಷಕ್ಕೆ ಅದರ ಚಕ್ರದ ಮೇಲಣ ಮುಚ್ಚಳವನ್ನು ಹಿಡಿದಿದ್ದ ಬೋಲ್ಟುಗಳು ಕಿತ್ತುಹೋಗಿ, ಇಡೀ ಯಂತ್ರವೇ ನೀರಿನ ಒತ್ತಡಕ್ಕೆ ಮೇಲಕ್ಕೆ ಚಿಮ್ಮಿತು. ಯಂತ್ರಶಾಲೆಯು ಮುಳುಗಿತು, ಆಗಾರದ ಸ್ವಂತ ವಿದ್ಯುತ್ತೂ ಹೋಗಿ, ನೀರನ್ನು ತಡೆಯುವ ಬಾಗಿಲುಗಳನ್ನು ಸಿಬ್ಬಂದಿಯು ಅಣೆಕಟ್ಟಿನ ಮೇಲೇರಿ ಕೈಯಾರೆ ಇಳಿಸಬೇಕಾಯಿತು. ಎಪ್ಪತ್ತೈದು ಜನ ಸತ್ತರು. ಎಂಬತ್ತು ಬೋಲ್ಟುಗಳ ಪೈಕಿ ಪರೀಕ್ಷಿಸಿದ ನಲವತ್ತೊಂಬತ್ತರಲ್ಲಿ ನಲವತ್ತೊಂದು ಕಂಪನದ ದಣಿವಿನಿಂದ ಮೊದಲೇ ಬಿರುಕುಬಿಟ್ಟಿದ್ದುವು. ಬಿರುಕು ಒಂದು ರಾತ್ರಿಯದಲ್ಲ. ಯಂತ್ರದ ಕಂಪನವು ಮಿತಿಮೀರಿದ್ದರೂ ಅದನ್ನು ನಿಲ್ಲಿಸಲಿಲ್ಲವೆಂದು ತನಿಖೆ ನಡೆಸಿದವರು ಕಂಡುಕೊಂಡರು.

ಯಂತ್ರದ ಆರೋಗ್ಯದ ಮಾತು ಹೀಗಾದರೆ, ಅದನ್ನು ದುರಸ್ತಿ ಮಾಡುವವನ ಪ್ರಾಣದ ಮಾತು ಬೇರೆಯೇ ಇದೆ. ಗುಂಡಿ ಒತ್ತಿ ನಿಲ್ಲಿಸಿದ ಮಾತ್ರಕ್ಕೆ ಯಂತ್ರವು ನಿರಪಾಯಕಾರಿಯಾಗದು. ವಿದ್ಯುತ್ತು ಬರುವ ದಾರಿಗಳನ್ನೆಲ್ಲ ಕಣ್ಣಿಗೆ ಕಾಣುವಂತೆ ಬೇರ್ಪಡಿಸಬೇಕು. ವಿದ್ಯುತ್ತಿಲ್ಲವೆಂದು ಉಪಕರಣದಿಂದ ಪರೀಕ್ಷಿಸಬೇಕು, ಆ ಉಪಕರಣ ಸರಿಯಿದೆಯೆಂದು ಪರೀಕ್ಷೆಗೆ ಮುಂಚೆಯೂ ಅನಂತರವೂ ನೋಡಿಕೊಳ್ಳಬೇಕು. ಬಳಿಕ ತಂತಿಗಳನ್ನು ಭೂಮಿಗೆ ಜೋಡಿಸಬೇಕು. ಹೊಸ ಬಗೆಯ ಉಪಕರಣಗಳು ಹೊಸ ಅಪಾಯಗಳನ್ನು ತಂದಿವೆ. ಸೌರಫಲಕಕ್ಕೆ ಹಗಲಿನಲ್ಲಿ ನಿಲ್ಲಿಸುವ ಗುಂಡಿಯೇ ಇಲ್ಲ. ಬೆಳಕು ಬಿದ್ದಷ್ಟು ಹೊತ್ತೂ ಅದರ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಮೋಟರಿನ ವೇಗವನ್ನು ಹತೋಟಿಯಲ್ಲಿಡುವ ಪೆಟ್ಟಿಗೆಯ ಧಾರಕಗಳಲ್ಲಿ ಸಂಪರ್ಕ ತಪ್ಪಿಸಿದ ಮೇಲೂ ಹಲವು ನಿಮಿಷ ಮಾರಕವಾದ ಆವೇಶ ಉಳಿದಿರುತ್ತದೆ. ಬ್ಯಾಟರಿಯನ್ನಂತೂ ಬರಿದು ಮಾಡಿ ಇಡಲಾಗದು. ೨೦೨೦ರ ಆಗಸ್ಟ್ ೨೦ರ ರಾತ್ರಿ ಕೃಷ್ಣಾ ನದಿಯ ಶ್ರೀಶೈಲ ಎಡದಂಡೆಯ ನೆಲದಡಿಯ ವಿದ್ಯುದಾಗಾರದಲ್ಲಿ ಬೆಂಕಿ ಹತ್ತಿ ಹೊಗೆ ತುಂಬಿಕೊಂಡಾಗ, ಬ್ಯಾಟರಿಗಳ ಕೆಲಸಕ್ಕೆಂದು ಬಂದಿದ್ದ ಇಬ್ಬರೂ ಸೇರಿ ಒಂಬತ್ತು ಜನ ಹೊರಬರಲಾರದೆ ಸತ್ತರು.

ಇದಕ್ಕಾಗಿಯೇ ಬೀಗದ ಪದ್ಧತಿಯೊಂದು ಬಳಕೆಯಲ್ಲಿದೆ. ಕೆಲಸಕ್ಕಿಳಿಯುವ ಮುನ್ನ ಹೊಣೆಗಾರನಾದ ಅಧಿಕಾರಿಯಿಂದ ಲಿಖಿತ ಅನುಮತಿ ಪಡೆದು, ಪ್ರತಿಯೊಬ್ಬನೂ ಸ್ವಿಚ್ಚಿನ ಹಿಡಿಗೆ ತನ್ನ ಸ್ವಂತ ಬೀಗವನ್ನು ಹಾಕಿ ಹೆಸರಿನ ಚೀಟಿಯನ್ನು ಕಟ್ಟುತ್ತಾನೆ. ಬೀಗದ ಕೈ ಅವನ ಜೇಬಿನಲ್ಲಿಯೇ ಇರುತ್ತದೆ. ಎಂಟು ಜನ ಕೆಲಸಗಾರರಿದ್ದರೆ ಎಂಟು ಬೀಗ. ಜಾಲಕ್ಕೆ ಎಷ್ಟೇ ತುರ್ತಾಗಿ ವಿದ್ಯುತ್ತು ಬೇಕಾಗಿದ್ದರೂ, ಏಳು ಬೀಗಗಳು ತೆರೆದು ಎಂಟನೆಯದು ಉಳಿದಿದ್ದರೆ ಅದರ ಒಡೆಯನು ಯಂತ್ರದ ಒಳಗಿನಿಂದ ಹೊರಬಂದಿರುವನೇ ಎಂದು ಹುಡುಕಿ, ಅವನ ಕೈಯಿಂದಲೇ ಅದನ್ನು ತೆಗೆಸಿದ ಮೇಲೆಯೇ ಸ್ವಿಚ್ಚನ್ನು ಮುಟ್ಟುತ್ತಾರೆ.